ಎರಡು ಎಂಜಿನ್, ಒಂದೇ ಟ್ಯಾಂಕು

ಕಳೆದ ತಿಂಗಳ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಋಷಿಕೊಂಡದ ಜಲವಿಹಾರದ ಬಗ್ಗೆ ಬರೆದ ಲೇಖನವನ್ನು ಬಹಳ ಮಂದಿ ಓದಿದ್ದಾರೆ, ಮೆಚ್ಚಿದ್ದಾರೆ. ಮೆಚ್ಚಿದವರಲ್ಲಿ ನನ್ನ ಮನೆಯವರೂ ಒಬ್ಬರು. ಲೇಖನದ ಮುಕ್ಕಾಲು ಭಾಗಕ್ಕೆ ನನ್ನ ತಕರಾರಿಲ್ಲ. ಆ ಲಾಂಚಿನಲ್ಲಿ ನಾನೂ ಇದ್ದೆ, ಅವರು ಬರೆದದ್ದೆಲ್ಲ ನಿಜ. ತಕರಾರಿರುವುದು ಕೊನೆಯ ನಾಲ್ಕು ಸಾಲುಗಳ ಬಗ್ಗೆ. ಇನ್ನು ಮುಂದೆ ಸಂಘದ ವತಿಯಿಂದ ಏರ್ಪಡಿಸುವ ವಿಹಾರಕ್ಕೆ ಎರಡು ಎಂಜಿನ್ ಇರುವ ಲಾಂಚನ್ನೇ ಗೊತ್ತುಮಾಡತಕ್ಕದ್ದು ಎಂದು ಅವರು ಸೂಚಿಸಿದರು. ನಮ್ಮ ಕಾರ್ಯಕಾರಿ ಸಮಿತಿಯವರು ಕಾಫಿ ಆರುವುದರೊಳಗೆ ಅದನ್ನು ಠರಾವು ಮಾಡಿಬಿಟ್ಟರು. ಬರುವ ಕಾರ್ತೀಕ ವನಭೋಜನಕ್ಕೆ ಅಂಥದೊಂದು ಲಾಂಚನ್ನು ನೋಡಿ ಮುಂಗಡವನ್ನೂ ಕೊಟ್ಟದ್ದಾಯಿತು.

ನಾನು ಈ ಠರಾವನ್ನು ವಿರೋಧಿಸುತ್ತೇನೆ. ವಿರೋಧಕ್ಕೆ ಕಾರಣ ಹಣವಲ್ಲ, ಹಟವೂ ಅಲ್ಲ. ಎರಡು ಎಂಜಿನ್ ಇದೆ ಎಂಬ ಧೈರ್ಯದಲ್ಲಿ ನಾವು ಕೇಳಬೇಕಾದ ಬೇರೆಲ್ಲ ಪ್ರಶ್ನೆಗಳನ್ನೂ ಬಿಟ್ಟುಬಿಟ್ಟಿದ್ದೇವೆ, ಮಕ್ಕಳನ್ನು ಹತ್ತಿಸುವುದೊಂದೇ ಬಾಕಿ. ಹೀಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ವಾಚಕರು ಸಹಿಸಿಕೊಳ್ಳಬೇಕು.

ಅಂದು ಆದದ್ದೇನು? ಫಿಷಿಂಗ್ ಹಾರ್ಬರಿನ ಜೆಟ್ಟಿಯಲ್ಲಿ ಇಪ್ಪತ್ತಾರು ಮಂದಿ ಹತ್ತಿದೆವು, ಅವರಲ್ಲಿ ಒಂಬತ್ತು ಮಕ್ಕಳು. ಆರ್.ಕೆ. ಬೀಚು, ಕೈಲಾಸಗಿರಿ ಎಲ್ಲ ದಾಟಿ ಋಷಿಕೊಂಡದ ಎದುರಿಗೆ ಬರುವ ಹೊತ್ತಿಗೆ ಮಧ್ಯಾಹ್ನದ ಕಡಲ ಗಾಳಿ ಎದ್ದಿತ್ತು, ಅಲೆ ದೊಡ್ಡದಾಗಿತ್ತು. ಮೊದಲು ಎಂಜಿನ್ನಿನ ದನಿ ಇಳಿಯಿತು. ಏರಿತು. ಮತ್ತೆ ಇಳಿದು ನಿಂತೇ ಹೋಯಿತು. ನಿಂತ ದೋಣಿ ಅಲೆಗೆ ಅಡ್ಡಲಾಗಿ ಮಲಗುತ್ತದೆ. ಓಡುತ್ತಿದ್ದಾಗ ಬರೇ ತೊಟ್ಟಿಲಿನಂತೆ ಇದ್ದದ್ದು ಆಗ ಜರಡಿಯಾಯಿತು. ಮೈಸೂರಿನಿಂದ ಹಬ್ಬಕ್ಕೆಂದು ಬಂದಿದ್ದ ನನ್ನ ಅತ್ತಿಗೆ ಮಗುವನ್ನು ಅವುಚಿಕೊಂಡು ನಂಜನಗೂಡಿಗೆ ಹರಕೆ ಹೊತ್ತರು. ಎಂಜಿನ್ ಹುಡುಗ ಮಾತ್ರ "ಏಮೀ ಕಾದು ಸಾರ್, ಏರ್ ಪಟ್ಟೇಸಿಂದಿ" ಎನ್ನುತ್ತ ಸ್ಪ್ಯಾನರು ಹಿಡಿದು ಕೆಳಗಿಳಿದ. ಗಾಳಿ ನಮ್ಮನ್ನು ದಡದ ಕಡೆಗೆ, ಎಂದರೆ ಅಲೆ ಒಡೆಯುವ ಕಡೆಗೆ, ತಳ್ಳುತ್ತಿತ್ತು. ಈ ಊರಲ್ಲಿ ಹೊರ ಬಂದರು ದಾಟಿದರೆ ಭೀಮಿಲಿಯ ಗೋಸ್ತನಿ ಅಳಿವೆಯವರೆಗೂ ದೋಣಿ ಹೊಕ್ಕು ನಿಲ್ಲುವಂಥ ಜಾಗವಿಲ್ಲ. ತೆರೆದ ಬಂಗಾಳ ಕೊಲ್ಲಿ ನೇರವಾಗಿ ಮರಳಿಗೆ ಬಡಿಯುತ್ತದೆ. 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಆ ಬೀಚು ದಡದಿಂದ ನೋಡುವವರಿಗೆ ಎಷ್ಟು ಚಂದವೋ, ಎಂಜಿನ್ ಸತ್ತ ದೋಣಿಯಿಂದ ನೋಡುವವರಿಗೆ ಅಷ್ಟೇ ಭಯ.

ಲಂಗರು ಹಾಕಿ ಎಂದೆ. ಲಂಗರು ಇತ್ತು. ಅದಕ್ಕೆ ಕಟ್ಟಿದ್ದ ಹಗ್ಗ ಮೂವತ್ತು ಅಡಿಯೂ ಇರಲಿಲ್ಲ. ಅದು ತಳವನ್ನೇ ಮುಟ್ಟಲಿಲ್ಲ.

ನಲವತ್ತು ನಿಮಿಷದ ಮೇಲೆ ಎಂಜಿನ್ ಮತ್ತೆ ಓಡಿತು. ಆ ನಲವತ್ತು ನಿಮಿಷದಲ್ಲಿ ನಮ್ಮ ಹಿರಿಯ ಮಿತ್ರರು ಮೇಲೆ ಕುಳಿತು ಮಕ್ಕಳಿಗೆ ಧೈರ್ಯ ಹೇಳುತ್ತಿದ್ದರು, ಅದು ದೊಡ್ಡ ಉಪಕಾರ. ನಾನು ಕೆಳಗೆ ಟಾರ್ಚು ಹಿಡಿದು ನಿಂತಿದ್ದೆ. ಆದ್ದರಿಂದ ಅವರು ಕಾಣದ್ದೊಂದನ್ನು ನಾನು ಕಂಡೆ. ಹುಡುಗ ಡೀಸೆಲ್ ಫಿಲ್ಟರಿನ ಬಟ್ಟಲನ್ನು ಬಿಚ್ಚಿ ಬಕೆಟ್ಟಿಗೆ ಸುರಿದ. ಕೆಳಗೆ ಒಂದು ಬೆರಳಷ್ಟು ನೀರು, ಅದರ ಮೇಲೆ ಕಂದು ಬಣ್ಣದ ಲೋಳೆ, ಅದರ ಮೇಲೆ ಡೀಸೆಲ್ಲು. ಅಂದು ನಮ್ಮ ಎಂಜಿನ್ನಿಗೆ ಯಾವ ರೋಗವೂ ಇರಲಿಲ್ಲ. ಅದಕ್ಕೆ ಊಟವಿರಲಿಲ್ಲ, ಅಷ್ಟೆ.

ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳಬೇಕು. ಪೆಟ್ರೋಲ್ ಎಂಜಿನ್ನಿನ ಹಾಗೆ ಅದಕ್ಕೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಕಾಯಿಸಿ, ಆ ಕಾವಿನೊಳಕ್ಕೆ ಎಣ್ಣೆಯನ್ನು ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಗಾಳಿ, ಶುದ್ಧ ಎಣ್ಣೆ, ತಂಪಿಗೆ ನೀರು, ಇಷ್ಟಿದ್ದರೆ ದಿನಗಟ್ಟಲೆ ಓಡುತ್ತದೆ. ಆದರೆ ಆ 'ಶುದ್ಧ' ಎಂಬ ಮಾತು ದೊಡ್ಡದು. ಚಿಮ್ಮಿಸುವ ಪಂಪಿನ ಮತ್ತು ಇಂಜೆಕ್ಟರಿನ ಒಳಗಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಅರ್ಧ ತುಂಬಿದ ಟ್ಯಾಂಕಿನ ಗೋಡೆಯಲ್ಲಿ ರಾತ್ರಿ ಹನಿಗಟ್ಟುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ಆದ್ದರಿಂದ ಕೆಳಗಿಳಿದು ಕೂರುತ್ತದೆ. ನೀರೂ ಎಣ್ಣೆಯೂ ಸೇರುವ ಆ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ. ಬಂದರಿನಲ್ಲಿ ಕಟ್ಟಿದ್ದಾಗ ಇದೆಲ್ಲ ತಳದಲ್ಲಿ ತಣ್ಣಗೆ ಮಲಗಿರುತ್ತದೆ. ಸಮುದ್ರ ಎದ್ದು ದೋಣಿ ಕುಲುಕಿದಾಗ ಮೇಲೇಳುತ್ತದೆ, ಫಿಲ್ಟರನ್ನು ಮುಚ್ಚುತ್ತದೆ. ಅಂದರೆ ಎಂಜಿನ್ ನಿಲ್ಲುವುದು ಯಾವಾಗ ನಿಲ್ಲಬಾರದೋ ಸರಿಯಾಗಿ ಆಗಲೇ. ಇದು ದುರದೃಷ್ಟವಲ್ಲ. ಟ್ಯಾಂಕು ತೊಳೆಯದವನ ಲೆಕ್ಕ ಅಂದು ಚುಕ್ತಾ ಆಗುತ್ತದೆ, ಅಷ್ಟೆ.

ಠರಾವು ಆದ ಮರುವಾರ ಅರ್ಧ ದಿನ ಕ್ಯಾಶುವಲ್ ರಜೆ ಹಾಕಿ, ಸಮಿತಿಯವರು ಗೊತ್ತುಮಾಡಿದ ಲಾಂಚನ್ನು ನೋಡಲು ಹೋದೆ. ಮಾಲೀಕರ ಹೆಸರು ಇಲ್ಲಿ ಬೇಡ. ಸಜ್ಜನರು, ಎಳನೀರು ತರಿಸಿಕೊಟ್ಟರು. ಲಾಂಚಿಗೆ ಹೊಸದಾಗಿ ಬಣ್ಣ ಹೊಡೆದಿದ್ದಾರೆ, ಮೇಲಿನ ಅಟ್ಟಕ್ಕೆ ಬಣ್ಣದ ದೀಪ ಕಟ್ಟಿದ್ದಾರೆ. ಎಂಜಿನ್ ಕೋಣೆಯ ಹಲಗೆ ಎತ್ತಿಸಿ ಇಳಿದು ನೋಡಿದೆ. ಎರಡು ಎಂಜಿನ್ ಇರುವುದು ನಿಜ. ಎರಡಕ್ಕೂ ಇರುವ ಟ್ಯಾಂಕು ಒಂದು. ಟ್ಯಾಂಕಿನಿಂದ ಬರುವ ಕೊಳವೆ ಒಂದು. ಆ ಕೊಳವೆ ನೀರು ಬೇರ್ಪಡಿಸುವ ಒಂದೇ ಬಟ್ಟಲನ್ನು ಹಾದು ಆಮೇಲೆ ಕವಲಾಗುತ್ತದೆ. ಎರಡೂ ಎಂಜಿನ್ನನ್ನು ಚಾಲೂ ಮಾಡುವ ಬ್ಯಾಟರಿಯೂ ಒಂದೇ. ಇನ್ನೂ ಒಂದು ಸಂಗತಿ: ಒಂದು ಎಂಜಿನ್ನಿಗೆಂದು ಕಟ್ಟಿದ ಕೋಣೆಯಲ್ಲಿ ಎರಡನ್ನು ಕೂರಿಸಿದ್ದರಿಂದ, ಎರಡರ ಹೊರಮಗ್ಗುಲೂ ದೋಣಿಯ ಪಕ್ಕೆಗೆ ಅಂಟಿಕೊಂಡಿದೆ. ಅಲ್ಲಿ ಕೈ ಹೋಗುವುದಿಲ್ಲ. ಎಡಗಡೆ ಎಂಜಿನ್ನಿನ ನೀರಿನ ಪಂಪು ಸರಿಯಾಗಿ ಆ ಮಗ್ಗುಲಿನಲ್ಲೇ ಇದೆ. ಅದರ ಒಳಗಿನ ರಬ್ಬರ್ ಚಕ್ರ ಬದಲಿಸಿ ಎಷ್ಟು ಕಾಲವಾಯಿತು ಎಂದು ಕೇಳಿದೆ. ಹುಡುಗ ನಕ್ಕ. ಕೈ ಹೋಗದ ಕಡೆ ಕಣ್ಣೂ ಹೋಗುವುದಿಲ್ಲ ಎಂಬುದನ್ನು ನಮ್ಮ ಆಫೀಸಿನ ಕಡತದ ಕಪಾಟಿನಲ್ಲೇ ನಾನು ಇಪ್ಪತ್ತು ವರ್ಷದಿಂದ ಕಂಡಿದ್ದೇನೆ.

ಅಂದಮೇಲೆ ಋಷಿಕೊಂಡದಲ್ಲಿ ನಮಗಾದದ್ದೇ ಈ ಲಾಂಚಿಗೂ ಆದರೆ ಏನು ಗತಿ? ಒಂದು ಎಂಜಿನ್ ನಿಲ್ಲುತ್ತದೆ, ಒಂದು ನಿಮಿಷದ ಮೇಲೆ ಇನ್ನೊಂದೂ ನಿಲ್ಲುತ್ತದೆ. ಆ ಹುಡುಗ ಒಂದರ ಬದಲು ಎರಡರ ಗಾಳಿ ತೆಗೆಯಬೇಕು. ನಲವತ್ತು ನಿಮಿಷ ಎಂಬತ್ತಾಗುತ್ತದೆ.

ನನ್ನಂಥವನು ಬಿ.ಎಸ್ಸಿ.ಯಲ್ಲಿ ಕಲಿತದ್ದು ಬಹಳ ಮರೆತುಹೋಗಿದೆ. ಆದರೆ ಸಂಭವನೀಯತೆಯ ಲೆಕ್ಕ ಮರೆತಿಲ್ಲ. ವಾದಕ್ಕಾಗಿ ಒಂದು ಅಂಕಿ ಹಿಡಿಯೋಣ, ನಿಜವಾದ ಅಂಕಿ ಬೇರೆ ಇರಬಹುದು. ಒಂದು ಎಂಜಿನ್ 100 ಪ್ರಯಾಣಕ್ಕೆ ಒಮ್ಮೆ ನಿಲ್ಲುತ್ತದೆ ಎನ್ನಿ. ಎರಡು ಎಂಜಿನ್ ಹಾಕಿದರೆ ಎರಡೂ ಒಟ್ಟಿಗೆ ನಿಲ್ಲುವುದು 100ನ್ನು 100ರಿಂದ ಗುಣಿಸಿ, 10,000 ಪ್ರಯಾಣಕ್ಕೆ ಒಮ್ಮೆ ಎಂದು ನಮ್ಮ ಮಿತ್ರರ ಮನಸ್ಸಿನ ಲೆಕ್ಕ. ಈ ಗುಣಾಕಾರ ಸರಿಯಾಗಬೇಕಾದರೆ ಒಂದರ ಕಾರಣಕ್ಕೂ ಇನ್ನೊಂದರ ಕಾರಣಕ್ಕೂ ಸಂಬಂಧವೇ ಇರಬಾರದು. ಆದರೆ ನಿಲ್ಲುವ ಕಾರಣಗಳಲ್ಲಿ ಅರ್ಧ ಭಾಗ ಒಂದೇ ಟ್ಯಾಂಕಿನ ಕೊಳೆಯಿಂದ ಬರುವುದಾದರೆ, ಆ ಅರ್ಧ ಎರಡನ್ನೂ ಒಟ್ಟಿಗೆ ಕೊಲ್ಲುತ್ತದೆ. ಆಗ ಉತ್ತರ 10,000ಕ್ಕೆ ಒಂದಲ್ಲ, 200ಕ್ಕೆ ಒಂದು. ನೂರು ಪಟ್ಟು ಭದ್ರತೆ ಎಂದುಕೊಂಡು ಹಣ ಕೊಟ್ಟೆವು, ಸಿಕ್ಕಿದ್ದು ಎರಡು ಪಟ್ಟು. ಅತ್ತ, ಯಾವುದಾದರೂ ಒಂದು ಎಂಜಿನ್ನಾದರೂ ಕೈಕೊಡುವ ಸಂಭವ ಎರಡು ಇರುವುದರಿಂದಲೇ ಹೆಚ್ಚಾಗುತ್ತದೆ. ಅದೇ ಹಣದಲ್ಲಿ ಒಂದೇ ಎಂಜಿನ್ನಿಗೆ ಎರಡು ಫಿಲ್ಟರನ್ನು ಜೋಡಿಸಿ, ಒಂದು ಕಟ್ಟಿಕೊಂಡರೆ ಹಿಡಿ ತಿರುಗಿಸಿ ಇನ್ನೊಂದಕ್ಕೆ ಹೊರಳುವಂತೆ ಮಾಡಿ, ಟ್ಯಾಂಕಿನ ತಳದ ನೀರನ್ನು ವಾರಕ್ಕೊಮ್ಮೆ ಇಳಿಸಿದರೆ, ಆ ಅರ್ಧ ಭಾಗದ ಕಾರಣವೇ ಬಹುಮಟ್ಟಿಗೆ ಅಳಿದುಹೋಗುತ್ತದೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ.

"ಹಾಗಾದರೆ ವಿಮಾನಕ್ಕೆ ಯಾಕೆ ಎರಡು ಎಂಜಿನ್?" ಎಂದು ಮಿತ್ರರು ಸಭೆಯಲ್ಲಿ ಕೇಳಿದರು, ಚಪ್ಪಾಳೆಯೂ ಬಿತ್ತು. ಒಳ್ಳೆಯ ಪ್ರಶ್ನೆ. ಉತ್ತರ 1983ನೆಯ ಇಸವಿಯಲ್ಲಿದೆ. ಆ ವರ್ಷ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ ಎಣ್ಣೆ ತುಂಬುವಾಗ ಪೌಂಡು–ಕಿಲೋಗ್ರಾಂ ಲೆಕ್ಕದಲ್ಲಿ ತಪ್ಪಾಗಿ, ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಎಣ್ಣೆಯಲ್ಲಿ ಅದು ಮೇಲೇರಿತು. ನಡು ಆಕಾಶದಲ್ಲಿ ಎರಡು ಎಂಜಿನ್ನೂ ಒಂದರ ಹಿಂದೊಂದು ನಿಂತವು. ಪೈಲಟ್ ಅದನ್ನು ಗಾಳಿಪಟದಂತೆ ತೇಲಿಸಿಕೊಂಡು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅದೇ ವರ್ಷ ಮೇ 5ರಂದು ಅಮೆರಿಕದ ಮಯಾಮಿಯಿಂದ ಹೊರಟ ಈಸ್ಟರ್ನ್ ಸಂಸ್ಥೆಯ ವಿಮಾನಕ್ಕೆ ಮೂರು ಎಂಜಿನ್. ಹಿಂದಿನ ರಾತ್ರಿಯ ರಿಪೇರಿಯಲ್ಲಿ ಮೂರಕ್ಕೂ ಒಂದೇ ಬಗೆಯ ಚಿಕ್ಕ ರಬ್ಬರ್ ಉಂಗುರ ಹಾಕುವುದನ್ನು ಮರೆತಿದ್ದರು. ಮೂರರ ಎಣ್ಣೆಯೂ ಸೋರಿತು, ಮೂರೂ ನಿಂತವು. ಒಂದನ್ನು ಹೇಗೋ ಮತ್ತೆ ಹೊತ್ತಿಸಿಕೊಂಡು ವಾಪಸು ಬಂದು ಇಳಿದರು. ಇಂಥ ಪಾಠಗಳಿಂದಲೇ ಸಮುದ್ರ ದಾಟುವ ಎರಡು ಎಂಜಿನ್ ವಿಮಾನಗಳಿಗೆ ಎರಡರಲ್ಲೂ ಒಂದೇ ಕೈಯಿಂದ ಒಂದೇ ಸಲ ಒಂದೇ ಕೆಲಸ ಆಗದಂತೆ ನಿಯಮವಿದೆ. ವಿಮಾನದ ಭದ್ರತೆ ಎರಡು ಎಂಬ ಸಂಖ್ಯೆಯಲ್ಲಿಲ್ಲ, ಎರಡನ್ನೂ ಬೇರೆಬೇರೆಯಾಗಿ ಇಡುವ ಶಿಸ್ತಿನಲ್ಲಿದೆ. ನಾನು ನೋಡಿದ ಲಾಂಚಿನಲ್ಲಿ ಸಂಖ್ಯೆ ಇದೆ, ಶಿಸ್ತು ಇಲ್ಲ.

ಎರಡು ಎಂಜಿನ್ನಿನಿಂದ ಏನೂ ಪ್ರಯೋಜನವಿಲ್ಲ ಎಂದು ನಾನು ಹೇಳಿದರೆ ಅದೂ ಸುಳ್ಳಾದೀತು. ಒಂದರ ಗೇರ್ ಬಾಕ್ಸ್ ಮುರಿದರೆ, ಒಂದರ ಫ್ಯಾನಿಗೆ ಬಲೆಯ ಹಗ್ಗ ಸುತ್ತಿಕೊಂಡರೆ, ಒಂದರ ನೀರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡರೆ, ಇನ್ನೊಂದು ಮನೆ ಮುಟ್ಟಿಸುತ್ತದೆ. ಜೆಟ್ಟಿಯ ಬಳಿ ಒಂದನ್ನು ಮುಂದಕ್ಕೆ ಒಂದನ್ನು ಹಿಂದಕ್ಕೆ ಓಡಿಸಿ ನಿಂತಲ್ಲೇ ದೋಣಿಯನ್ನು ತಿರುಗಿಸಬಹುದು. ಚುಕ್ಕಾಣಿ ಮುರಿದರೂ ಹೇಗೋ ದಾರಿ ಹಿಡಿಯಬಹುದು. ಒಂದು ನಿಂತರೆ ವೇಗ ಅರ್ಧವಾಗುವುದೂ ಇಲ್ಲ. ಇಂಥ ಭಾರದ ದೋಣಿಗಳಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ತಿರುಗಿಸಿ ಹೇಳಿದರೆ ಅರ್ಧ ಶಕ್ತಿಯಲ್ಲೂ ವೇಗದ ಸುಮಾರು ನೂರಕ್ಕೆ ಎಂಬತ್ತು ಪಾಲು ಉಳಿಯುತ್ತದೆ. 8 ನಾಟ್ ಓಡುವ ಲಾಂಚು ಲೆಕ್ಕದ ಪ್ರಕಾರ 6 ನಾಟ್ ಚಿಲ್ಲರೆ ಓಡಬೇಕು. ನಿಂತ ಫ್ಯಾನು ನೀರಲ್ಲಿ ಎಳೆಯುವುದನ್ನೂ, ಒಂದೇ ಪಕ್ಕದಿಂದ ತಳ್ಳುವಾಗ ಚುಕ್ಕಾಣಿಯನ್ನು ಓರೆ ಹಿಡಿಯಬೇಕಾದದ್ದನ್ನೂ ಕಳೆದರೂ 5 ಉಳಿದೀತು. ಇದು ಸಣ್ಣ ಲಾಭವಲ್ಲ. ಎರಡು ಟ್ಯಾಂಕು, ಎರಡು ಫಿಲ್ಟರು, ಎರಡು ಬ್ಯಾಟರಿ, ನಾಲ್ಕೂ ಮಗ್ಗುಲಿಗೆ ಕೈಹೋಗುವಷ್ಟು ಜಾಗ, ಇದೆಲ್ಲ ಇರುವ ಎರಡು ಎಂಜಿನ್ನಿನ ಲಾಂಚು ಸಿಕ್ಕರೆ ನಾನೇ ಮೊದಲು ಹತ್ತುತ್ತೇನೆ.

ಆದರೆ ಲಾಭದ ಜೊತೆ ನಷ್ಟವನ್ನೂ ಬರೆಯಬೇಕಲ್ಲ. ಒಂದೇ ಎಂಜಿನ್ನಿನ ದೋಣಿಯಲ್ಲಿ ಫ್ಯಾನು ನಡುವಿನಲ್ಲಿ, ಅಡಿಮರದ ಮರೆಯಲ್ಲಿರುತ್ತದೆ. ನೆಲ ತಾಗಿದರೆ ಮರ ಮೊದಲು ತಾಗುತ್ತದೆ. ಎರಡು ಇದ್ದರೆ ಎರಡೂ ಪಕ್ಕದಲ್ಲಿ ಬಯಲಿಗೆ ನೇತಾಡುತ್ತವೆ. ಋಷಿಕೊಂಡದ ಎದುರು ಮೀನುಗಾರರ ಬಲೆ ಬಿಟ್ಟಿರುತ್ತದೆ ಎಂಬುದನ್ನು ಅಂದು ನಾವೇ ನೋಡಿದೆವು. ದೊಡ್ಡದಾದ ಒಂದು ಫ್ಯಾನು ನಿಧಾನವಾಗಿ ತಿರುಗಿ ಮಾಡುವ ಕೆಲಸವನ್ನು ಚಿಕ್ಕವೆರಡು ಮಾಡಬೇಕಾದರೆ ಡೀಸೆಲ್ಲೂ ಹೆಚ್ಚು ಬೇಕು. ಎಣ್ಣೆ ಬದಲಿಸುವುದು, ಬೆಲ್ಟು, ಫಿಲ್ಟರು ಎಲ್ಲ ಇಮ್ಮಡಿ. ಖರ್ಚು ಇಮ್ಮಡಿಯಾದಾಗ ಸಣ್ಣ ಮಾಲೀಕ ಏನು ಮಾಡುತ್ತಾನೆ? ಎರಡಕ್ಕೂ ಅರ್ಧರ್ಧ ಮಾಡುತ್ತಾನೆ.

ಇದೇ ಊರಿನ ಫಿಷಿಂಗ್ ಹಾರ್ಬರಿಗೆ ಹೋಗಿ ನೋಡಿ. ಸಾಲುಸಾಲಾಗಿ ನಿಂತ ಯಾಂತ್ರಿಕ ದೋಣಿಗಳು ವಾರಕ್ಕೂ ಹೆಚ್ಚು ಕಾಲ ಆಳಸಮುದ್ರದಲ್ಲಿರುತ್ತವೆ. ಸಾಮಾನ್ಯವಾಗಿ ಅವಕ್ಕಿರುವುದು ಒಂದೇ ಡೀಸೆಲ್ ಎಂಜಿನ್. ನಮ್ಮ ಮಲ್ಪೆ, ಗಂಗೊಳ್ಳಿಯ ಆಳಸಮುದ್ರದ ಬೋಟುಗಳದ್ದೂ ಅದೇ ಕಥೆ. 1980ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಂಗಾಳ ಕೊಲ್ಲಿ ಯೋಜನೆಯವರು ಅಲೆ ಒಡೆಯುವ ಈ ಮರಳ ತೀರಕ್ಕೆಂದೇ ದೋಣಿಗಳನ್ನು ರೂಪಿಸಿದಾಗಲೂ ಕೂರಿಸಿದ್ದು ಒಂದು ಚಿಕ್ಕ ಡೀಸೆಲ್ಲು, ದಡ ಬಂದಾಗ ಮೇಲೆತ್ತಿಕೊಳ್ಳುವ ಫ್ಯಾನು. ಮೀನುಗಾರರು ಜೀವದ ಮೇಲೆ ಆಸೆಯಿಲ್ಲದವರೇ? ಅವರ ಭದ್ರತೆ ಬೇರೆಡೆ ಇದೆ. ಇಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ. ಆಗ ದೋಣಿಯನ್ನು ಎಳೆದು ಎಂಜಿನ್ ಬಿಚ್ಚುತ್ತಾರೆ, ಸವೆದದ್ದನ್ನು ಬದಲಿಸುತ್ತಾರೆ. ಕಡಲಲ್ಲಿ ಒಬ್ಬನ ಎಂಜಿನ್ ನಿಂತರೆ ಇನ್ನೊಬ್ಬ ಎಳೆದು ತರುತ್ತಾನೆ. ನಮ್ಮ ಕರಾವಳಿಯಲ್ಲಿ ತಾಂಡೇಲ, ಇಲ್ಲಿ ಶ್ರೀಕಾಕುಳಂ ಕಡೆ ತಂಡೇಲ್ ಎನ್ನುವ ಆ ಒಬ್ಬ ಮನುಷ್ಯನಿಗೆ ಎಂಜಿನ್ನಿನ ದನಿಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ನಿದ್ದೆಯಿಂದ ಎಚ್ಚರವಾಗುತ್ತದೆ. ವಿಹಾರದ ಲಾಂಚುಗಳಿಗೆ ಈ ನಿಷೇಧವೂ ಇಲ್ಲ, ಆ ಬಿಡುವೂ ಇಲ್ಲ. ರಜೆ ಬಂತೆಂದರೆ ದಿನಕ್ಕೆ ಐದು ಸುತ್ತು.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಎಂಜಿನ್ ನಿಂತು ನಾವು ಹೆದರಿದೆವು, ಆದ್ದರಿಂದ ನಮ್ಮ ಬುದ್ಧಿಯೆಲ್ಲ ಎಂಜಿನ್ನಿನ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಆದರೆ ನಮ್ಮ ಕಡಲು ಹೊಳೆಗಳಲ್ಲಿ ವಿಹಾರಕ್ಕೆ ಹೋದವರು ಸತ್ತದ್ದು ಹೇಗೆ ಎಂದು ಒಮ್ಮೆ ನೋಡಿ. 2017ರ ನವೆಂಬರ್ 12, ಅದೂ ಕಾರ್ತೀಕದ ಭಾನುವಾರವೇ. ಒಂಗೋಲಿನಿಂದ ವಾಕರ್ಸ್ ಕ್ಲಬ್ಬಿನವರು, ಮನೆಮಂದಿಯೊಡನೆ, ನಮ್ಮಂತೆಯೇ ಚಂದಾ ಹಾಕಿ ವಿಜಯವಾಡಕ್ಕೆ ಬಂದರು. ಭವಾನಿ ದ್ವೀಪ ನೋಡಿ, ಇಬ್ರಾಹಿಂಪಟ್ಟಣದ ಬಳಿ ಗೋದಾವರಿಯ ನೀರು ಕೃಷ್ಣೆಗೆ ಸೇರುವ ಪವಿತ್ರ ಸಂಗಮದಲ್ಲಿ ಸಂಜೆಯ ಆರತಿ ನೋಡಲು ಖಾಸಗಿ ದೋಣಿ ಹತ್ತಿದರು. ದೋಣಿಗೆ ಅನುಮತಿಯಿರಲಿಲ್ಲ. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ತೊಡಲು ಲೈಫ್ ಜಾಕೆಟ್ ಇರಲಿಲ್ಲ. ದಡ ಕಣ್ಣೆದುರಿಗೇ ಇರುವಾಗ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೋದರು. ಪ್ರಕಾಶಂ ಬ್ಯಾರೇಜಿನ ಹಿಂದೆ ನಿಂತ ನೀರು ಅದು, ಬಂಗಾಳ ಕೊಲ್ಲಿಯಲ್ಲ. ಅಲ್ಲಿ ಇನ್ನೊಂದು ಎಂಜಿನ್ ಇದ್ದಿದ್ದರೆ ಒಂದು ಜೀವವಾದರೂ ಉಳಿಯುತ್ತಿತ್ತೇ?

ನಮ್ಮ ಕಾರವಾರದ ಸಂಗತಿ ಮರೆಯುವಂತಿಲ್ಲ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ಅಲ್ಲೂ ಜನ ಹೆಚ್ಚು, ಜಾಕೆಟ್ಟು ಕಡಿಮೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮೀನಿನ ದೋಣಿಯನ್ನೇ ವಿಹಾರದ ದೋಣಿಯಾಗಿ ಬದಲಾಯಿಸಿ ಓಡಿಸುತ್ತಿದ್ದದ್ದು ಮಗುಚಿ ಇಪ್ಪತ್ತೆರಡು ಮಂದಿ, ಅವರಲ್ಲಿ ಎಷ್ಟೋ ಮಕ್ಕಳು. 2024ರ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಕೃಷ್ಣೆಗೆ 11 ಲಕ್ಷ ಕ್ಯೂಸೆಕ್ಸಿಗೂ ಮೀರಿದ ಪ್ರವಾಹ ಬಂದಾಗ ಮೇಲ್ಗಡೆಯ ಭಾರಿ ದೋಣಿಗಳು ಕಿತ್ತುಕೊಂಡು ಬಂದು ಪ್ರಕಾಶಂ ಬ್ಯಾರೇಜಿನ ಗೇಟುಗಳ ಬಳಿ ಬಡಿದವು. ಅಲ್ಲಿ ಎಂಜಿನ್ನಿನ ಮಾತೇ ಇಲ್ಲ. ಕಟ್ಟಿದ ಹಗ್ಗದ ಮಾತು. ಇನ್ನು 2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ಎಲಿಫೆಂಟಾಕ್ಕೆ ಹೊರಟ 'ನೀಲ್ ಕಮಲ್' ದೋಣಿಗೆ, ಎಂಜಿನ್ ಪರೀಕ್ಷೆ ಮಾಡುತ್ತಿದ್ದ ನೌಕಾಪಡೆಯ ವೇಗದೋಣಿ ಹತೋಟಿ ತಪ್ಪಿ ಬಂದು ಗುದ್ದಿತಲ್ಲ, ಅಲ್ಲಿ ಎಂಜಿನ್ ನಿಂತದ್ದು ತೊಂದರೆಯಲ್ಲ, ನಿಲ್ಲದ್ದೇ ತೊಂದರೆ.

ಈ ಊರಿಗೆ ಬಂದು ನೆಲೆಸಿದ ನಾವು ಪರಊರಿನವರು. ಕಡಲು ನಮ್ಮಲ್ಲಿ ಹೆಚ್ಚಿನವರಿಗೆ ಪಟದಲ್ಲಿ ಕಂಡದ್ದು. ಹಾಸನ, ತುಮಕೂರು, ಬಳ್ಳಾರಿಯ ಮಕ್ಕಳಿಗೆ ಈಜು ಬರುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಸಮಿತಿಯವರ ಈ ವರ್ಷದ ಏರ್ಪಾಡನ್ನು ನೋಡಿ. ಎರಡು ಎಂಜಿನ್ನಿನ ಲಾಂಚಿಗೆ ಬಾಡಿಗೆ ಹೆಚ್ಚು. ಚಂದಾ ಮಾತ್ರ ಹೆಚ್ಚಿಸಬಾರದೆಂದು ಸದಸ್ಯರ ಒತ್ತಾಯ. ಆದ್ದರಿಂದ ಕಳೆದ ಸಲ ಇಪ್ಪತ್ತಾರು ಜನ ಹೋದಲ್ಲಿ ಈ ಸಲ ಐವತ್ತೆಂಟು. ಲಾಂಚಿನ ಮೈಮೇಲೆ ಬರೆದಿರುವುದು ಐವತ್ತು. ಕೇಳಿದರೆ, ಹತ್ತು ವರ್ಷದ ಕೆಳಗಿನ ಮಕ್ಕಳನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದರು. ಬಸ್ಸಿನ ಅರ್ಧ ಟಿಕೇಟಿನ ಪದ್ಧತಿ ಇದು. ನೀರಿಗೆ ಆ ಪದ್ಧತಿ ಗೊತ್ತಿಲ್ಲ. ಜೊತೆಗೆ ಮಕ್ಕಳು ಸುಮ್ಮನೆ ಕೂರುವುದಿಲ್ಲ. ಒಂದು ಮೀನು ಹಾರಿತೆಂದರೆ ಇಪ್ಪತ್ತೂ ಮಂದಿ ಒಂದೇ ಪಕ್ಕಕ್ಕೆ ಓಡುತ್ತಾರೆ, ಅದರಲ್ಲೂ ಮೇಲಿನ ಅಟ್ಟದಲ್ಲಿ. ಭಾರ ಮೇಲಿದ್ದಷ್ಟೂ ದೋಣಿ ಮಾಲುವುದು ಸುಲಭ. ಭದ್ರತೆಗೆಂದು ತಂದ ಎರಡನೆಯ ಎಂಜಿನ್ನಿನ ಬಾಡಿಗೆಯನ್ನು ನಾವು ಹೆಚ್ಚಿಗೆ ಮಕ್ಕಳನ್ನು ತುಂಬಿ ಕಟ್ಟುತ್ತಿದ್ದೇವೆ. ಇದನ್ನು ಸಭೆಯಲ್ಲಿ ಹೇಳಿದಾಗ ಕಾರ್ಯದರ್ಶಿಗಳು ನನ್ನನ್ನು ಅಪಶಕುನ ನುಡಿಯುವವನು ಎಂದರು. ಇರಲಿ.

ಅಂದು ಲಾಂಚಿನಲ್ಲಿ ಲೈಫ್ ಜಾಕೆಟ್ ಎಲ್ಲಿ ಎಂದೂ ಕೇಳಿದೆ. ಹಿಂಭಾಗದ ಪೆಟ್ಟಿಗೆಯಲ್ಲಿ ಇವೆ, ಬೀಗ ಹಾಕಿದೆ, ಹೊರಗಿಟ್ಟರೆ ಕದಿಯುತ್ತಾರೆ ಎಂದರು. ಬೀಗ ತೆಗೆಸಿದೆ. ನಲವತ್ತೊಂದು ಇದ್ದವು. ಮಕ್ಕಳ ಅಳತೆಯದು ಒಂದೂ ಇರಲಿಲ್ಲ. ದೊಡ್ಡವರ ಜಾಕೆಟ್ಟನ್ನು ಐದು ವರ್ಷದ ಮಗುವಿಗೆ ತೊಡಿಸಿದರೆ, ನೀರಿಗೆ ಬಿದ್ದಾಗ ಜಾಕೆಟ್ಟು ಮೇಲೆ ತೇಲುತ್ತದೆ, ಮಗು ಕೆಳಕ್ಕೆ ಜಾರುತ್ತದೆ.

ಆದ್ದರಿಂದ ಈ ಠರಾವನ್ನು ರದ್ದುಮಾಡಿ, ಎಂಜಿನ್ ಒಂದೋ ಎರಡೋ ಎಂಬುದನ್ನು ಬಿಟ್ಟು ಬೇರೆ ಠರಾವು ಮಾಡಬೇಕೆಂದು ಕೇಳುತ್ತೇನೆ. ಚಾಲ್ತಿಯಲ್ಲಿರುವ ಸರ್ವೆ ಸರ್ಟಿಫಿಕೇಟನ್ನೂ ವಿಮೆಯನ್ನೂ ಸಮಿತಿಯವರು ಕಣ್ಣಾರೆ ನೋಡಲಿ. ಹತ್ತುವ ತಲೆಗಳನ್ನು, ಮಡಿಲ ಮಗುವನ್ನೂ ಸೇರಿಸಿ, ಎಣಿಸಲಿ. ಜಾಕೆಟ್ಟು ಜೆಟ್ಟಿಯ ಮೇಲೆಯೇ ತೊಡಿಸಲಿ, ಸೀರೆಯ ನೆರಿಗೆ ಕೆಡುತ್ತದೆ ಎಂದು ನಮ್ಮ ಮನೆಯವರೇ ಗೊಣಗಿದರೂ ಸರಿಯೆ. ಲಂಗರಿನ ಹಗ್ಗ ಆಳದ ನಾಲ್ಕೈದು ಪಟ್ಟು ಇರಬೇಕು. ಇಪ್ಪತ್ತು ಮೀಟರ್ ಆಳಕ್ಕೆ ಮುನ್ನೂರು ಅಡಿ ಎಂದಿಟ್ಟುಕೊಳ್ಳಿ. ಅಷ್ಟು ಹಗ್ಗದ ಬೆಲೆ ಒಂದು ಎಂಜಿನ್ನಿನ ಬೆಲೆಯ ಮುಂದೆ ಏನೂ ಅಲ್ಲ, ಎಂಜಿನ್ ಎಷ್ಟೇ ಇರಲಿ ಎಲ್ಲ ನಿಂತ ಮೇಲೂ ಅದು ಕೆಲಸ ಮಾಡುತ್ತದೆ. ಅಂದು ನಮ್ಮಲ್ಲಿ ಅದಿದ್ದಿದ್ದರೆ ಆ ನಲವತ್ತು ನಿಮಿಷ ಬರೇ ಹೊಟ್ಟೆ ತೊಳಸಿದ ನಲವತ್ತು ನಿಮಿಷವಾಗುತ್ತಿತ್ತು, ಮಿತ್ರರು ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಎಳೆದು ತರಲು ಇನ್ನೊಂದು ದೋಣಿ ಹತ್ತಿರದಲ್ಲಿದೆಯೇ, ಮಾತಾಡಲು ವೈರ್‌ಲೆಸ್ ಇದೆಯೇ ಎಂದೂ ಕೇಳಬೇಕು. ಮೊಬೈಲ್ ಫೋನನ್ನು ನಂಬಿ ಕೂರುವುದು ಬೇಡ. ಒದ್ದೆಯಾದ ಫೋನು ಯಾರಿಗೂ ಮಾತಾಡುವುದಿಲ್ಲ.

ನಮ್ಮ ಹಿರಿಯ ಮಿತ್ರರ ಮೇಲೆ ನನಗೆ ಗೌರವವಿದೆ. ಅಂದು ನನ್ನ ಮಗಳು ಅವರ ಕೈ ಹಿಡಿದೇ ಕುಳಿತಿದ್ದಳು. ಅವರೂ ನಾನೂ ಒಂದು ಭಾನುವಾರ ಒಟ್ಟಿಗೆ ಆ ಲಾಂಚಿಗೆ ಹೋಗಿ ಬರೋಣವೆಂದು ಕರೆಯುತ್ತಿದ್ದೇನೆ. ಎಂಜಿನ್ ಕೋಣೆಗೆ ಅವರು ಇಳಿಯಬೇಕಾಗಿಲ್ಲ, ಮೊಣಕಾಲು ನೋವೆಂದು ಗೊತ್ತಿದೆ. ಹುಡುಗನಿಗೆ ಹೇಳಿ ಫಿಲ್ಟರಿನ ಬಟ್ಟಲನ್ನು ಬಿಚ್ಚಿಸಿ ಒಂದು ಗಾಜಿನ ಲೋಟಕ್ಕೆ ಸುರಿಸಿ ಕೊಡುತ್ತೇನೆ, ಬೆಳಕಿಗೆ ಹಿಡಿದು ನೋಡಲಿ. ಅದರ ತಳದಲ್ಲಿ ನೀರಿಲ್ಲದಿದ್ದರೆ, ಐವತ್ತರ ಮೇಲಿನ ಎಂಟು ಹೆಸರನ್ನು ಪಟ್ಟಿಯಿಂದ ತೆಗೆದರೆ, ಮಕ್ಕಳ ಜಾಕೆಟ್ಟು ತರಿಸಿದರೆ, ನಮ್ಮ ಮನೆಯ ನಾಲ್ವರ ಚಂದಾವನ್ನು ಅಂದೇ ಅವರ ಕೈಗೇ ಕೊಡುತ್ತೇನೆ. ಅಲ್ಲಿಯವರೆಗೆ ನಮ್ಮ ಹೆಸರುಗಳ ಎದುರು ಕಾರ್ಯದರ್ಶಿಗಳು ಹಾಕಿರುವ 'ಬರುತ್ತಾರೆ' ಎಂಬ ಗುರುತನ್ನು ದಯವಿಟ್ಟು ಅಳಿಸಿಹಾಕಬೇಕು.